‘ಮೈಸೂರು’ ಬರುತ್ತಿತ್ತು, ‘ಸೂರು’ ಬರುತ್ತಿರಲಿಲ್ಲ

ನನ್ನ ಅಣ್ಣನ ಮಗ ಮೂರನೇ ಕ್ಲಾಸಿನಲ್ಲಿದ್ದಾಗ ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ನಿಂತು ಬೋರ್ಡುಗಳನ್ನೆಲ್ಲ ಓದಿ ಹೇಳುತ್ತಿದ್ದ. ಮೈಸೂರು, ಪಿರಿಯಾಪಟ್ಟಣ, ಮಡಿಕೇರಿ. ಬಸ್ಸು ಇನ್ನೂ ತಿರುವಿನಲ್ಲಿರುವಾಗಲೇ ಹೇಳಿಬಿಡುತ್ತಿದ್ದ. ಹಾಗಾಗಿ ಅತ್ತಿಗೆ ಒಂದು ದಿನ ಅಡುಗೆಮನೆಯಲ್ಲಿ ದನಿ ತಗ್ಗಿಸಿ, ‘ಇವನಿಗೆ ಓದಕ್ಕೇ ಬರಲ್ಲ ಕಣೇ’ ಅಂದಾಗ ನಾನು ನಂಬಲಿಲ್ಲ. ಆಟದ ಮೇಲೆ ಜಾಸ್ತಿ ಗಮನ ಇರಬೇಕು ಅಂದುಕೊಂಡೆ.

ಆ ಭಾನುವಾರ ಅವನನ್ನು ಜಗಲಿಯಲ್ಲಿ ಕೂರಿಸಿಕೊಂಡೆ. ಸ್ಲೇಟಿನ ಮೇಲೆ ‘ಮೈಸೂರು’ ಅಂತ ಬರೆದೆ. ಓದಿದ. ಬೆರಳಿನಿಂದ ‘ಮೈ’ ಅಳಿಸಿದೆ. ಉಳಿದದ್ದು ‘ಸೂರು’. ಅವನು ತುಂಬಾ ಹೊತ್ತು ನೋಡಿದ. ನನ್ನ ಮುಖ ನೋಡಿದ. ಮತ್ತೆ ಸ್ಲೇಟು ನೋಡಿದ. ‘ಗೊತ್ತಿಲ್ಲ ಅತ್ತೆ’ ಅಂದ.

ನಾನು ಸರ್ಕಾರಿ ಶಾಲೆಯಲ್ಲಿ ಹದಿನೆಂಟು ವರ್ಷದಿಂದ ಒಂದು, ಎರಡು, ಮೂರನೇ ಕ್ಲಾಸಿಗೆ ಪಾಠ ಮಾಡುತ್ತಿರುವವಳು. ಅಕ್ಷರ ಕಲಿಸುವುದೇ ನನ್ನ ಕೆಲಸ. ಆ ಸ್ಲೇಟಿನ ಮುಂದೆ ಕೂತಾಗ ನನಗೆ ಒಂದು ವಿಷಯ ಹೊಳೆಯಿತು. ಈ ಹುಡುಗ ಓದುತ್ತಲೇ ಇರಲಿಲ್ಲ. ಮುಖ ನೋಡಿ ಗುರುತು ಹಿಡಿಯುವ ಹಾಗೆ ಇಡೀ ಮಾತಿನ ಆಕಾರವನ್ನು ಗುರುತು ಹಿಡಿಯುತ್ತಿದ್ದ. ಒಂದು ಕಿವಿ ಮುಚ್ಚಿದರೆ ಆ ಮುಖ ಯಾರದೆಂದು ಅವನಿಗೆ ಗೊತ್ತಾಗುತ್ತಿರಲಿಲ್ಲ. ಪುಸ್ತಕದ ಪಾಠವನ್ನೂ ಹಾಗೇ ದಾಟಿದ್ದ. ಚಿತ್ರ ನೋಡುವುದು, ಪಕ್ಕದವನು ಓದಿದ್ದನ್ನು ಕೇಳಿಸಿಕೊಳ್ಳುವುದು, ಬಾಯಿಪಾಠ ಮಾಡುವುದು. ನೆನಪಿನ ಶಕ್ತಿ ಚೆನ್ನಾಗಿದ್ದದ್ದರಿಂದ ಮೂರನೇ ಕ್ಲಾಸಿನವರೆಗೆ ಯಾರಿಗೂ ಗೊತ್ತಾಗಲಿಲ್ಲ.

ಅವನನ್ನು ಮೈಸೂರಿಗೆ ಕರೆದುಕೊಂಡು ಹೋದೆವು. ಮಾನಸಗಂಗೋತ್ರಿಯ ಹತ್ತಿರ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯನ್ನು ನಮ್ಮ ಕಡೆ ‘ಸ್ಪೀಚ್ ಅಂಡ್ ಹಿಯರಿಂಗ್’ ಅಂತಲೇ ಕರೆಯುತ್ತಾರೆ. ಕಿವಿ ಪರೀಕ್ಷೆ, ಬುದ್ಧಿಮಟ್ಟದ ಪರೀಕ್ಷೆ, ಓದು, ಬರಹ, ಲೆಕ್ಕ ಎಲ್ಲ ಆಯಿತು. ಡಿಸ್ಲೆಕ್ಸಿಯಾ ಅಂದರು. ಬುದ್ಧಿಯಲ್ಲಿ ಏನೂ ಕಮ್ಮಿ ಇಲ್ಲ, ಕಣ್ಣು ಕಿವಿ ಸರಿ ಇವೆ, ಮಾತಿನ ಸದ್ದನ್ನು ಬಿಡಿಸಿ ಅಕ್ಷರಕ್ಕೆ ಜೋಡಿಸುವ ಕಡೆ ಕಷ್ಟವಿದೆ ಅಂದರು. ಅಣ್ಣ ವಾಪಸ್ ಬರುವಾಗ ಬಸ್ಸಿನಲ್ಲಿ ಒಂದೇ ಮಾತು ಕೇಳಿದ: ‘ಲೆಕ್ಕ ಇಷ್ಟು ಚೆನ್ನಾಗಿ ಮಾಡ್ತಾನಲ್ಲ, ಇದು ಹೇಗಾಗತ್ತೆ?’

ಅಣ್ಣನದು ದಿನಸಿ ಅಂಗಡಿ. ಹುಡುಗ ಗಲ್ಲಾಪೆಟ್ಟಿಗೆ ಪಕ್ಕ ನಿಂತು ಐದಾರು ಸಾಮಾನಿನ ಲೆಕ್ಕ ಬಾಯಲ್ಲೇ ಕೂಡಿಸಿ ಹೇಳುತ್ತಾನೆ. ಅಣ್ಣನ ಆ ಪ್ರಶ್ನೆ ನನ್ನನ್ನು ಓದಲು ಹಚ್ಚಿತು. 1896ರಲ್ಲಿ ಇಂಗ್ಲೆಂಡಿನ ಸೀಫರ್ಡ್ ಎಂಬ ಊರಿನ ವೈದ್ಯ ಪ್ರಿಂಗಲ್ ಮಾರ್ಗನ್, ಪರ್ಸಿ ಎಂಬ 14 ವರ್ಷದ ಹುಡುಗನ ಬಗ್ಗೆ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದಿದ್ದರು. ಆ ಹುಡುಗ ಚುರುಕು, ಆಟದಲ್ಲಿ ಮುಂದು, ದೊಡ್ಡ ಗುಣಾಕಾರಗಳನ್ನು ಸರಾಗವಾಗಿ ಮಾಡುತ್ತಿದ್ದ. ಓದು ಮಾತ್ರ ಇಲ್ಲ. ತನ್ನ ಹೆಸರನ್ನೇ ‘ಪರ್ಸಿ’ ಅಂತ ಬರೆಯುವ ಕಡೆ ‘ಪ್ರೆಸಿ’ ಅಂತ ಬರೆದ. ಎಲ್ಲ ಪಾಠವನ್ನೂ ಬಾಯಿಮಾತಿನಲ್ಲೇ ಹೇಳಿಕೊಟ್ಟರೆ ಇವನೇ ಶಾಲೆಗೆ ಜಾಣ ಎಂದು ಅವನ ಮೇಷ್ಟ್ರು ಹೇಳಿದ್ದರಂತೆ. ನೂರು ವರ್ಷಕ್ಕೂ ಹಿಂದಿನ ಆ ಹುಡುಗ ನಮ್ಮ ಅಂಗಡಿಯಲ್ಲೇ ನಿಂತ ಹಾಗೆ ಅನ್ನಿಸಿತು. ಅಣ್ಣನಿಗೂ ಓದಿ ಹೇಳಿದೆ. ಅವನು ಸುಮ್ಮನೆ ಕೇಳಿಸಿಕೊಂಡ. ಆಮೇಲೆ ಹುಡುಗನಿಗೆ ಬೈಯುವುದು ಕಮ್ಮಿಯಾಯಿತು.

ನಮ್ಮ ಮೇಷ್ಟ್ರುಗಳ ವಲಯದಲ್ಲಿ ಒಂದು ನಂಬಿಕೆ ಇದೆ, ನನಗೂ ಇತ್ತು. ಡಿಸ್ಲೆಕ್ಸಿಯಾ ಇಂಗ್ಲಿಷಿನ ಕಾಯಿಲೆ, ಕನ್ನಡದಲ್ಲಿ ಬರೆದ ಹಾಗೇ ಓದುತ್ತೇವೆ, ಆದ್ದರಿಂದ ಕನ್ನಡಕ್ಕೆ ಅದು ಬರುವುದಿಲ್ಲ ಅಂತ. ಬರೆದ ಹಾಗೆ ಓದುತ್ತೇವೆ ಅನ್ನುವುದು ಬಹಳಮಟ್ಟಿಗೆ ನಿಜ. ಆದರೆ ಎಷ್ಟು ಬರೆದಿದ್ದನ್ನು ಅಂತ ಎಣಿಸಿ ನೋಡಿ. ಇಂಗ್ಲಿಷಿನಲ್ಲಿ ಅಕ್ಷರ 26. ನಮ್ಮ ವರ್ಣಮಾಲೆಯಲ್ಲಿ 49. ಅಷ್ಟಕ್ಕೇ ಮುಗಿಯುವುದಿಲ್ಲ. 34 ವ್ಯಂಜನಕ್ಕೆ 13 ಸ್ವರ ಸೇರಿದರೆ ಗುಣಿತಾಕ್ಷರಗಳೇ 442. ಅದರ ಮೇಲೆ ಒತ್ತಕ್ಷರ. ಒಂದು ಮಗು ಇಷ್ಟು ಆಕಾರಗಳನ್ನು ಕಣ್ಣಲ್ಲಿ ಬಿಡಿಸಿಕೊಳ್ಳಬೇಕು.

ಬೆಂಗಳೂರಿನಲ್ಲಿ ಕನ್ನಡ ಓದುವ ಮಕ್ಕಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ ಸೋನಾಲಿ ನಾಗ್ ಅವರ ಅಧ್ಯಯನವೊಂದು 2007ರಲ್ಲಿ ಬಂತು. ಇಂಗ್ಲಿಷ್ ಕಲಿಯುವ ಮಗು ತನ್ನ ಅಕ್ಷರಗಳನ್ನು ಬೇಗ ಮುಗಿಸುತ್ತದೆ. ಕನ್ನಡದ ಮಗುವಿನ ಅಕ್ಷರ ಕಲಿಕೆ ಒಂದನೇ ಕ್ಲಾಸಿಗೆ ಮುಗಿಯುವುದಿಲ್ಲ, ಪ್ರೈಮರಿಯ ಮೇಲಿನ ತರಗತಿಗಳವರೆಗೂ ನಡೆಯುತ್ತಲೇ ಇರುತ್ತದೆ. ಮಾತನ್ನು ಅಕ್ಷರ ಅಕ್ಷರವಾಗಿ ಒಡೆಯುವುದು ನಮ್ಮ ಮಕ್ಕಳಿಗೆ ಬೇಗ ಬರುತ್ತದೆ. ‘ಕಿ’ ಅನ್ನುವುದರೊಳಗೆ ‘ಕ್’ ಮತ್ತು ‘ಇ’ ಎರಡಿವೆ ಎಂದು ಕೇಳಿಸುವುದು ನಿಧಾನ. ಇದನ್ನು ಓದಿದಾಗ ನಾನು ಹದಿನೆಂಟು ವರ್ಷ ಕಂಡದ್ದಕ್ಕೆ ಯಾರೋ ಹೆಸರು ಕೊಟ್ಟ ಹಾಗಾಯಿತು. ಅಂತ್ಯಾಕ್ಷರಿ ಆಡುವಾಗ ಯಾವ ಮಗುವೂ ಸೋಲುವುದಿಲ್ಲ. ಅದೇ ಮಗು ‘ಕಿ’ ಕಾರ್ಡು, ‘ಕೆ’ ಕಾರ್ಡು ಪಕ್ಕಪಕ್ಕ ಇಟ್ಟರೆ ತಡವರಿಸುತ್ತದೆ.

ಇನ್ನೊಂದು ವಿಷಯ. ಆಸ್ಟ್ರಿಯಾದ ಹೈಂಜ್ ವಿಮ್ಮರ್ 1993ರಲ್ಲಿ ಜರ್ಮನ್ ಓದುವ ಮಕ್ಕಳ ಬಗ್ಗೆ ಬರೆದರು. ಜರ್ಮನ್ ಕೂಡ ಹೆಚ್ಚುಕಮ್ಮಿ ಬರೆದ ಹಾಗೇ ಓದುವ ಭಾಷೆ. ಅಲ್ಲಿ ಡಿಸ್ಲೆಕ್ಸಿಯಾ ಇರುವ ಮಕ್ಕಳು ಅಷ್ಟೇನೂ ತಪ್ಪು ಓದುವುದಿಲ್ಲ. ವಿಪರೀತ ನಿಧಾನ, ಅಷ್ಟೇ. ತಪ್ಪು ಹುಡುಕುವ ಮೇಷ್ಟ್ರಿಗೆ ಅಂಥ ಮಗು ಕಾಣಿಸುವುದೇ ಇಲ್ಲ. ನಮ್ಮ ಕ್ಲಾಸುಗಳಲ್ಲೂ ಹಾಗೆ ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ, ಸಾಲಿನ ಕೊನೆಗೆ ಬರುವಷ್ಟರಲ್ಲಿ ಮೊದಲಿನದನ್ನು ಮರೆತಿರುವ ಮಕ್ಕಳಿದ್ದಾರೆ. ನಾವು ಅವರಿಗೆ ‘ಇನ್ನೂ ಸ್ವಲ್ಪ ಅಭ್ಯಾಸ ಬೇಕು’ ಅಂತ ಬರೆದು ಮುಂದಿನ ಕ್ಲಾಸಿಗೆ ಕಳಿಸುತ್ತೇವೆ.

ಹೇಗೆ ಕಲಿಸಬೇಕು ಎಂದು ಹುಡುಕಿದಾಗ ಎಲ್ಲ ಕಡೆ ಎದುರಾದ ಹೆಸರು ಆರ್ಟನ್ ಮತ್ತು ಗಿಲ್ಲಿಂಗ್‌ಹ್ಯಾಮ್. ಸ್ಯಾಮ್ಯುಯೆಲ್ ಆರ್ಟನ್ ಅಮೆರಿಕದ ನರರೋಗ ವೈದ್ಯರು. 1925ರ ಹೊತ್ತಿಗೆ ಅಯೋವಾದಲ್ಲಿ ಓದಲು ಬಾರದ ಮಕ್ಕಳನ್ನು ಪರೀಕ್ಷಿಸಿದವರು. ಅಕ್ಷರದ ಚಿತ್ರ ಮಿದುಳಿನಲ್ಲಿ ಕನ್ನಡಿಯ ಹಾಗೆ ತಿರುಗುಮುರುಗಾಗುತ್ತದೆ ಅನ್ನುವ ಅವರ ವಿವರಣೆ ಮುಂದೆ ನಿಲ್ಲಲಿಲ್ಲ. ಆದರೆ ಕಲಿಸುವ ದಾರಿ ನಿಂತಿತು. ಆನಾ ಗಿಲ್ಲಿಂಗ್‌ಹ್ಯಾಮ್ ಮತ್ತು ಬೆಸ್ಸಿ ಸ್ಟಿಲ್‌ಮನ್ ಎಂಬ ಇಬ್ಬರು ಶಿಕ್ಷಕಿಯರು ಅದನ್ನು 1930ರ ದಶಕದಲ್ಲಿ ಕೈಪಿಡಿಯಾಗಿ ಬರೆದರು. ಒಂದು ಸಲಕ್ಕೆ ಒಂದು ಅಕ್ಷರ, ಅದರ ಸದ್ದು. ಕಣ್ಣಿಂದ ನೋಡಬೇಕು, ಬಾಯಿಂದ ಹೇಳಬೇಕು, ಕೈಯಿಂದ ಬರೆಯಬೇಕು, ಮೂರೂ ಒಟ್ಟಿಗೆ. ಅದು ಗಟ್ಟಿಯಾದ ಮೇಲೆ ಮುಂದಿನದು. ಕಲಿತ ಅಕ್ಷರಗಳಷ್ಟರಿಂದಲೇ ಮಾತು, ಮಾತುಗಳಷ್ಟರಿಂದಲೇ ಸಾಲು. ಊಹೆಗೆ ಜಾಗವೇ ಇಲ್ಲ.

ಇದನ್ನು ಓದಿ ನನಗೆ ಮೊದಲು ನೆನಪಾದದ್ದು ನಮ್ಮದೇ ಸರ್ಕಾರಿ ಶಾಲೆಗಳ ನಲಿ ಕಲಿ ಪದ್ಧತಿ. 1995ರ ಸುಮಾರಿಗೆ ನಮ್ಮ ಪಕ್ಕದ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲೇ ಅದು ಶುರುವಾದದ್ದು. ನಲಿ ಕಲಿಯಲ್ಲಿ ಅ ಆ ಇ ಈ ಸಾಲಿನಿಂದ ಶುರು ಮಾಡುವುದಿಲ್ಲ. ‘ರ ಗ ಸ ದ ಅ’ದಿಂದ ಶುರು. ಆಮೇಲೆ ‘ಜ ವ ಮ ಬ ನ’. ಮೊದಲ ಐದು ಬಂದ ಕೂಡಲೇ ಮಗು ಸರ, ದರ, ಅರಸ, ಅಗಸ, ಗರಗಸ, ದಸರ ಎಲ್ಲ ಓದಬಹುದು. ಐದು ಅಕ್ಷರಕ್ಕೆ ದಸರ ಸಿಗುವುದು ಮೈಸೂರು ಸೀಮೆಯ ಮಗುವಿಗೆ ಎಷ್ಟು ದೊಡ್ಡ ವಿಷಯ ಅಲ್ವಾ! ಈ ಜೋಡಣೆಯನ್ನು ಮಾಡಿದವರಿಗೆ ನಾನು ಮನಸ್ಸಿನಲ್ಲೇ ಎಷ್ಟೋ ಸಲ ಕೈಮುಗಿದಿದ್ದೇನೆ.

ಆದರೆ ವರ್ಷಗಟ್ಟಲೆ ಅದನ್ನೇ ಕಲಿಸುತ್ತಿದ್ದ ನನಗೆ ಅದರ ಜೀವ ಎಲ್ಲಿದೆ ಎಂದು ತಿಳಿದಿರಲಿಲ್ಲ. ನಲಿ ಕಲಿಯಲ್ಲಿ ಕಲಿಕಾ ಏಣಿ ಇರುತ್ತದೆ. ಪ್ರತಿ ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತಬೇಕು. ಒಂದು ಕೊಠಡಿಯಲ್ಲಿ ಮೂರು ಕ್ಲಾಸಿನ ಮಕ್ಕಳು, ಐದು ತಟ್ಟೆ (ಮಕ್ಕಳ ಗುಂಪುಗಳಿಗೆ ನಾವು ಹಾಗನ್ನುತ್ತೇವೆ), ಒಬ್ಬಳೇ ಟೀಚರ್. ಮೆಟ್ಟಿಲಿನಲ್ಲಿ ಗಟ್ಟಿಯಾಗಿ ಕಾಲೂರದ ಮಗುವನ್ನೂ ನಾನು ಮೇಲಕ್ಕೆ ಕಳಿಸಿದ್ದೇನೆ. ಬೇರೆ ಮಕ್ಕಳು ಹೇಗೋ ಸಮಾಳಿಸಿಕೊಂಡರು. ಡಿಸ್ಲೆಕ್ಸಿಯಾ ಇದ್ದ ಮಗುವಿಗೆ ಕೆಳಗಿನ ಮೆಟ್ಟಿಲು ಇಲ್ಲದೆ ಮೇಲಿನದು ಇಲ್ಲವೇ ಇಲ್ಲ.

ಅಣ್ಣನ ಮಗನ ಜೊತೆ ಮೊದಲಿನಿಂದ ಶುರು ಮಾಡಿದೆ. ದಿನಾ ಸಂಜೆ ಆರು ಗಂಟೆಗೆ, 25 ನಿಮಿಷ. ಅದಕ್ಕಿಂತ ಜಾಸ್ತಿ ಇಲ್ಲ. ಅಮ್ಮ ಅಂಗಡಿಯಿಂದ ರಾಗಿ ತಂದು ಮೊರದಲ್ಲಿ ಹರಡಿಕೊಟ್ಟರು. ‘ನಿಮ್ಮ ತಾತ ಕೂಲಿಮಠದಲ್ಲಿ ಮರಳಿನ ಮೇಲೆ ತಿದ್ದಿ ಕಲಿತವರು ಕಣೋ’ ಅಂತ ಮೊಮ್ಮಗನಿಗೆ ಹೇಳಿದರು. ‘ತಿದ್ದು’ ಅನ್ನುವ ಮಾತಿಗೆ ನಮ್ಮಲ್ಲಿ ಎರಡು ಅರ್ಥ. ತಪ್ಪನ್ನು ಸರಿ ಮಾಡುವುದು ಒಂದು. ಬರೆದ ಅಕ್ಷರದ ಮೇಲೆ ಮತ್ತೆ ಮತ್ತೆ ಬೆರಳಾಡಿಸಿ ಕಲಿಯುವುದು ಇನ್ನೊಂದು. ಎರಡನೆಯದನ್ನು ಶಾಲೆಗಳು ಮರೆತು, ಮೊದಲನೆಯದನ್ನು ಕೆಂಪು ಪೆನ್ನಿನಲ್ಲಿ ಮಾತ್ರ ಉಳಿಸಿಕೊಂಡಿವೆ. ಹುಡುಗ ರಾಗಿಯ ಮೇಲೆ ‘ರ’ ತಿದ್ದಿದ. ತಿದ್ದುವಾಗ ಬಾಯಿಬಿಟ್ಟು ‘ರ’ ಅನ್ನಬೇಕು, ಅದು ನಿಯಮ. ತಪ್ಪಾದರೆ ಮೊರವನ್ನು ಒಂದು ಸಲ ಅಲ್ಲಾಡಿಸಿದರೆ ಸಾಕು. ಗುರುತೇ ಇರುವುದಿಲ್ಲ. ಕೆಂಪು ಗೀಟು ತುಂಬಿದ ನೋಟ್‌ಬುಕ್ ನೋಡಿ ಬೆಳೆದ ಮಗುವಿಗೆ ಅದು ಎಂಥ ನೆಮ್ಮದಿ ಕೊಟ್ಟಿತು ಎಂದು ಅವನ ಭುಜ ನೋಡಿದರೇ ತಿಳಿಯುತ್ತಿತ್ತು. ಮೊದಲ ವಾರ ಕಿವಿಯವರೆಗೆ ಏರಿಸಿಕೊಂಡಿರುತ್ತಿದ್ದ ಭುಜ ಮೂರನೇ ವಾರಕ್ಕೆ ಕೆಳಗಿಳಿಯಿತು.

ಇನ್ನೊಂದು ನಿಯಮ ಮಾಡಿದ್ದೆ. ಕಲಿಸದೆ ಇರುವ ಅಕ್ಷರ ಇರುವ ಯಾವುದನ್ನೂ ಅವನಿಂದ ಓದಿಸುವುದಿಲ್ಲ. ಇದೇ ಬಹಳ ಕಷ್ಟವಾಯಿತು. ಶಾಲೆಯ ಪಾಠ ಓಡುತ್ತಿರುತ್ತದಲ್ಲ. ಅದನ್ನು ಅತ್ತಿಗೆ ಓದಿ ಹೇಳುತ್ತಿದ್ದರು, ಅವನು ಕೇಳಿ ಕಲಿಯುತ್ತಿದ್ದ. ಓದಲು ಕಲಿಯುವುದು ಬೇರೆ, ವಿಷಯ ಕಲಿಯುವುದು ಬೇರೆ. ಓದು ಬರುವವರೆಗೆ ವಿಷಯವನ್ನು ನಿಲ್ಲಿಸಿದರೆ ಜಾಣ ಹುಡುಗ ಹಸಿವಿನಿಂದ ಕೂತ ಹಾಗೆ.

ಕಾಗುಣಿತಕ್ಕೆ ಬಂದಾಗ ನಾನು ಒಂದು ಹಳೆಯ ವಿಷಯವನ್ನು ಹೊಸದಾಗಿ ಕಂಡೆ. ‘ಕ ಕಾ ಕಿ ಕೀ ಕು ಕೂ’ ಅಂತ ರಾಗವಾಗಿ ಹೇಳಿಸುತ್ತೇವೆ. ಅವನೂ ಚೆಂದವಾಗಿ ಹಾಡುತ್ತಿದ್ದ. ‘ಕೆ’ ತೋರಿಸಿ ಇದೇನು ಅಂದರೆ ‘ಕ ಕಾ ಕಿ ಕೀ’ ಅಂತ ಮೊದಲಿನಿಂದ ಹಾಡಿಕೊಂಡು ಬಂದು, ಒಮ್ಮೊಮ್ಮೆ ‘ಕೆ’ಯನ್ನು ದಾಟಿಯೇ ಹೋಗುತ್ತಿದ್ದ. ಹಾಡು ನಾಲಿಗೆಯಲ್ಲಿತ್ತು, ಕಣ್ಣಿಗೆ ಇಳಿದಿರಲಿಲ್ಲ. ಆಗ ಅಮ್ಮನೇ, ‘ನಾವು ಹೀಗೆ ಹೇಳ್ತಾ ಇರಲಿಲ್ಲ’ ಅಂದರು. ಅವರ ಕಾಲದ್ದು ‘ಕ ತಲೆಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ, ಕ ಗುಡಿಸಿನ ದೀರ್ಘ ಕೀ, ಕ ಕೊಂಬು ಕು’. ನಾನು ಅದನ್ನು ಮುದುಕರ ಮಾತು ಅಂತ ಬಿಟ್ಟಿದ್ದೆ. ಆದರೆ ನೋಡಿ, ಅದರಲ್ಲಿ ಪ್ರತಿ ಗುರುತಿಗೂ ಒಂದು ಹೆಸರಿದೆ. ಗುರುತು, ಹೆಸರು, ಸದ್ದು ಮೂರನ್ನೂ ಒಂದೇ ಉಸಿರಿನಲ್ಲಿ ಕಟ್ಟಿದ್ದಾರೆ. ಗಿಲ್ಲಿಂಗ್‌ಹ್ಯಾಮ್ ಕೈಪಿಡಿ ಬರೆಯುವ ಮೊದಲೇ ನಮ್ಮ ಕೂಲಿಮಠದ ಅಯ್ಯನವರ ಬಾಯಲ್ಲಿ ಇದು ಇತ್ತು.

ಹಾಗಾಗಿ ಗುರುತುಗಳನ್ನು ಒಂದೊಂದಾಗಿ ತೆಗೆದುಕೊಂಡೆ. ಇಳಿಗೆ ಒಂದು ವಾರ. ಗುಡಿಸಿಗೆ ಹತ್ತು ದಿನ. ಒಂದೇ ಗುರುತನ್ನು ಬೇರೆಬೇರೆ ಅಕ್ಷರಕ್ಕೆ ಹಾಕುವುದು: ಕಿ, ಗಿ, ಸಿ, ಬಿ, ಲಿ. ಕಾರ್ಡುಗಳನ್ನು ಕಲೆಸಿಯೇ ತೋರಿಸುವುದು, ಸಾಲಾಗಿ ಎಂದೂ ಇಲ್ಲ. ಕೊಂಬು ಬಂದಾಗ ತೊಡಕಾಯಿತು. ‘ಕು’ನಲ್ಲಿ ಕೊಂಬು ಬಲಕ್ಕೆ. ‘ಪು’, ‘ವು’ನಲ್ಲಿ ಅದು ಕೆಳಗಿನಿಂದ ಬರುತ್ತದೆ. ಅವನು ‘ವ’ಗೆ ಬಲಕ್ಕೆ ಕೊಂಬು ಹಾಕಿ ‘ಹೂವು’ ಬರೆದ. ಅದು ‘ಹೂಮ’ ಆಯಿತು. ಅವನಿಗೇ ಆಶ್ಚರ್ಯ. ‘ಅತ್ತೆ, ವ ಮ ಆಗೋಯ್ತು!’ ಅಂದ. ಇದು ತಪ್ಪಲ್ಲ, ಇದು ಒಂದು ಕಂಡುಹಿಡಿಯುವಿಕೆ ಅಂತ ನಾನು ಅವನಿಗೆ ಹೇಳಿದೆ. ನಿಜವಾಗಿಯೂ ಹಾಗೇ ಅನ್ನಿಸಿತು. ಆ ದಿನ ವ, ಮ, ವು ಮೂರನ್ನೂ ಪಕ್ಕಪಕ್ಕ ಬರೆದು ಇಬ್ಬರೂ ಕೂತು ನೋಡಿದೆವು.

ಒತ್ತಕ್ಷರದಲ್ಲಿ ನನಗೆ ಹೊಸ ಪಾಠ ಸಿಕ್ಕಿತು. ಅಕ್ಕ, ಅಪ್ಪ, ಅಜ್ಜ, ಹಬ್ಬ, ಗಡ್ಡ ಇವೆಲ್ಲ ಅವನಿಗೆ ನಾಲ್ಕೈದು ದಿನದಲ್ಲಿ ಬಂದವು. ಸುಮ್ಮನೆ, ಬೆನ್ನು, ಹತ್ತಿ, ಬೆಲ್ಲ ಬರಲಿಲ್ಲ. ಯಾಕೆ ಅಂತ ರಾತ್ರಿ ಕೂತು ಎಲ್ಲ ಬರೆದು ನೋಡಿದೆ. ಕ, ಪ, ಜ, ಬ, ಡಗಳ ಒತ್ತು ನೋಡಲು ಆಯಾ ಅಕ್ಷರದ ಹಾಗೇ ಇವೆ, ತಲೆಕಟ್ಟು ಇರುವ ಅಕ್ಷರವಾದರೆ ಅದೊಂದು ಇರುವುದಿಲ್ಲ. ತ, ನ, ಮ, ಯ, ರ, ಲ ಈ ಆರರ ಒತ್ತು ಮಾತ್ರ ಮೂಲ ಅಕ್ಷರದ ಹಾಗಿಲ್ಲ. ಹೊಸ ಆಕಾರವನ್ನೇ ಕಲಿಯಬೇಕು. ಅಮ್ಮ, ಅನ್ನ, ಅತ್ತೆ, ಅಯ್ಯ, ಎಲ್ಲ. ಮಗುವಿಗೆ ಬಹಳ ಹತ್ತಿರದ ಎಷ್ಟೋ ಮಾತುಗಳು ಈ ಆರರಲ್ಲೇ ಇವೆ. ಅದಕ್ಕೇ ಇವನ್ನು ನಾವು ಮೊದಲೇ ಪುಸ್ತಕದಲ್ಲಿ ಹಾಕಿಬಿಡುತ್ತೇವೆ. ‘ಅಮ್ಮ’ ಅನ್ನುವುದನ್ನು ಅವನು ಗುರುತು ಹಿಡಿಯುತ್ತಿದ್ದ, ‘ಮೈಸೂರು’ ಗುರುತು ಹಿಡಿದ ಹಾಗೆ. ‘ಸುಮ್ಮನೆ’ಯಲ್ಲಿ ಅದೇ ಒತ್ತು ಬಂದಾಗ ಅದರ ಪರಿಚಯ ಇರಲಿಲ್ಲ.

ಆ ಆರಕ್ಕೆ ಎರಡು ತಿಂಗಳು ಕೊಟ್ಟೆ. ಅರ್ಥವಿಲ್ಲದ ಮಾತುಗಳನ್ನು ಮಾಡಿಕೊಂಡೆವು. ಗಿಮ್ಮ, ಸೆನ್ನು, ಬೊತ್ತಿ, ಟಲ್ಲೆ. ಇವನ್ನು ಯಾರೂ ಬಾಯಿಪಾಠ ಮಾಡಿರುವುದಿಲ್ಲ, ಊಹಿಸಲೂ ಆಗುವುದಿಲ್ಲ. ಓದಿದರೆ ನಿಜವಾಗಿ ಓದಿದ ಹಾಗೆ. ಪರೀಕ್ಷೆ ಮಾಡುವವರೂ ಇಂಥ ಮಾತುಗಳನ್ನು ಬಳಸುತ್ತಾರೆ. ‘ಬೊತ್ತಿ’ ಅವನಿಗೆ ಎಷ್ಟು ಇಷ್ಟವಾಯಿತೆಂದರೆ ಮನೆಯ ಬೆಕ್ಕಿಗೆ ಅದೇ ಹೆಸರಿಟ್ಟ.

ಅರ್ಕಾವತ್ತು ಕೊನೆಗೆ ಬಂತು. ಕನ್ನಡ ಬರೆದ ಹಾಗೆ ಓದುವ ಭಾಷೆ ಅನ್ನುವವರು ಅರ್ಕಾವತ್ತಿನ ಮುಂದೆ ಒಂದು ನಿಮಿಷ ನಿಲ್ಲಬೇಕು. ಬಾಯಲ್ಲಿ ‘ರ್’ ಮೊದಲು, ‘ಯ’ ಆಮೇಲೆ. ಕಾಗದದಲ್ಲಿ ‘ಯ’ ಮೊದಲು, ಅರ್ಕಾವತ್ತು ಆಮೇಲೆ. ‘ಸೂರ್ಯ’ವನ್ನು ಅವನು ‘ಸೂಯರ’ ಅಂತ ಓದಿದ. ಕಣ್ಣಿಗೆ ಕಂಡದ್ದನ್ನು ಕಂಡ ಸಾಲಿನಲ್ಲೇ ಓದಿದ್ದಾನೆ. ಎಡದಿಂದ ಬಲಕ್ಕೆ ಓದು ಅಂತ ಎರಡು ವರ್ಷ ಹೇಳಿಕೊಟ್ಟವಳೂ ನಾನೇ. ಇಂಗ್ಲೆಂಡಿನ ಆ ಪರ್ಸಿಯ ಹೆಸರಿನಲ್ಲೂ ಜಾಗ ತಪ್ಪಿದ್ದು ಇದೇ ‘ರ’ ಅಲ್ವಾ ಅಂತ ನೆನಪಾಗಿ ಮೈ ಜುಂ ಅಂದಿತು. ಕೆಲವರು ಇದೇ ಮಾತನ್ನು ಪೂರ್ತಿ ‘ರ’ ಬರೆದು ಕೆಳಗೆ ‘ಯ’ ಒತ್ತು ಕೊಟ್ಟು ಬರೆಯುತ್ತಾರೆ. ನಾನು ಅಲ್ಲಿಂದ ಶುರು ಮಾಡಿದೆ. ಅದು ಗಟ್ಟಿಯಾದ ಮೇಲೆ ಅರ್ಕಾವತ್ತನ್ನು ಕೆಂಪು ಬಳಪದಲ್ಲಿ ಬರೆದು, ಅಲ್ಲಿಂದ ಹಿಂದಕ್ಕೆ ಒಂದು ಬಾಣ ಎಳೆದೆ. ‘ಇದು ಕೊನೆಗೆ ಬರುತ್ತೆ, ಆದ್ರೆ ಮೊದಲು ಕೂಗುತ್ತೆ’ ಅಂತ ಅವನೇ ಒಂದು ಮಾತು ಕಟ್ಟಿಕೊಂಡ. ಈಗ ನನ್ನ ಶಾಲೆಯ ಮಕ್ಕಳಿಗೂ ಅದನ್ನೇ ಹೇಳಿಕೊಡುತ್ತೇನೆ.

ಇಷ್ಟಾದರೂ ವೇಗ ಬರಲಿಲ್ಲ. ಸರಿಯಾಗಿ ಓದುತ್ತಿದ್ದ, ಆದರೆ ಎಷ್ಟೋ ಹೊತ್ತು ಹಿಡಿಯುತ್ತಿತ್ತು. ಇದಕ್ಕೆ ಒಂದು ಸರಳ ಉಪಾಯ ಇದೆ. ಜೇ ಸ್ಯಾಮ್ಯುಯೆಲ್ಸ್ ಎಂಬ ಅಮೆರಿಕದ ಪ್ರಾಧ್ಯಾಪಕರು 1979ರಲ್ಲಿ ಬರೆದದ್ದು. ಒಂದು ಚಿಕ್ಕ ಭಾಗವನ್ನು ಸರಾಗವಾಗುವವರೆಗೆ ಮತ್ತೆ ಮತ್ತೆ ಓದಿಸುವುದು, ಆಮೇಲೆ ಮುಂದಿನದು. ಬಾಯಿಪಾಠವಾಗಿಬಿಡುತ್ತದೆ ಎಂಬ ಭಯ ನನಗಿತ್ತು. ಆದರೆ ಬಿಡಿಬಿಡಿಯಾಗಿ ಓದಲು ಬಂದ ಮೇಲೆ ಮಾಡಿದರೆ ಅದು ಬೇರೆಯೇ ಆಗುತ್ತದೆ. ಒಂದೇ ಪುಟ, ವಾರಕ್ಕೆ ನಾಲ್ಕು ದಿನ. ಗಡಿಯಾರ ತೋರಿಸಲಿಲ್ಲ. ಅವನೇ ‘ನಿನ್ನೆಗಿಂತ ಬೇಗ ಆಯ್ತು’ ಅನ್ನುತ್ತಿದ್ದ.

ಆದರೆ ಅವನ ಓದಿಗೆ ನಿಜವಾದ ಬಲ ಬಂದದ್ದು ಅಂಗಡಿಯ ಚೀಟಿಗಳಿಂದ. ಗಿರಾಕಿಗಳು ಸಾಮಾನಿನ ಪಟ್ಟಿ ಬರೆದು ಕಳಿಸುತ್ತಾರಲ್ಲ, ಅವು. ತೊಗರಿಬೇಳೆ, ಕಡಲೆಕಾಯಿ ಎಣ್ಣೆ, ಸಾಸಿವೆ, ಉಪ್ಪು, ಕೊತ್ತಂಬರಿ ಬೀಜ. ಸಾಲು ಚಿಕ್ಕದು, ಮಾತು ದಿನಾ ಕೇಳಿದ್ದು, ಓದಿದರೆ ಕೂಡಲೇ ಒಂದು ಕೆಲಸ ಆಗುತ್ತದೆ. ಬೇರೆಬೇರೆ ಕೈಬರಹವೂ ಕಣ್ಣಿಗೆ ಬೀಳುತ್ತದೆ. ಒಂದು ದಿನ ‘ಅವಲಕ್ಕಿ’ ಇದ್ದದ್ದನ್ನು ‘ಅಕ್ಕಿ’ ಅಂತ ಓದಿ ಅಕ್ಕಿ ಕಟ್ಟಿಕೊಟ್ಟ. ಗಿರಾಕಿ ವಾಪಸ್ ತಂದರು. ಅಣ್ಣ ಒಂದು ಮಾತೂ ಆಡದೆ ಅವಲಕ್ಕಿ ಕಟ್ಟಿಕೊಟ್ಟ. ಅಣ್ಣನ ಆ ಮೌನಕ್ಕೆ ನಾನು ಋಣಿ.

ಇಂಗ್ಲಿಷನ್ನು ಇದಾದ ಮೇಲೆ ಹಿಡಿದೆವು. ಅದರ ಕಥೆಯೇ ಬೇರೆ, ಇಲ್ಲಿ ಪೂರ್ತಿ ಹೇಳಲಾರೆ. 1983ರಲ್ಲಿ ಲಿನೆಟ್ ಬ್ರಾಡ್ಲಿ ಮತ್ತು ಪೀಟರ್ ಬ್ರಯಂಟ್ ಎಂಬುವರು ನೇಚರ್ ಪತ್ರಿಕೆಯಲ್ಲಿ ಬರೆದದ್ದು ಮಾತ್ರ ನನಗೆ ದಾರಿ ತೋರಿಸಿತು. ಮಕ್ಕಳಿಗೆ ಬರೀ ಸದ್ದುಗಳನ್ನು ಗುಂಪು ಮಾಡಲು ಕಲಿಸುವುದಕ್ಕಿಂತ, ಪ್ಲಾಸ್ಟಿಕ್ ಅಕ್ಷರಗಳನ್ನು ಕೈಗೆ ಕೊಟ್ಟು ಸದ್ದಿನ ಜೊತೆ ಜೋಡಿಸಲು ಕಲಿಸಿದಾಗ ಓದು ಇನ್ನೂ ಚೆನ್ನಾಗಿ ಬಂತು. ಮೈಸೂರಿನ ದೇವರಾಜ ಅರಸ್ ರಸ್ತೆಯಲ್ಲಿ ಒಂದು ಡಬ್ಬಿ ಅಕ್ಷರ ಕೊಂಡೆ. ಶಾಲೆಯಲ್ಲಿ ಸ್ಪೆಲ್ಲಿಂಗ್ ಬಾಯಿಪಾಠ ಮಾಡಿಸುತ್ತಿದ್ದರು. ಮನೆಯಲ್ಲಿ ಅವನು ಅಕ್ಷರ ಜೋಡಿಸಿ, ತೆಗೆದು, ಬದಲಿಸಿ ಮಾತು ಮಾಡುತ್ತಿದ್ದ.

ನಡುವೆ ನಾವು ದಾರಿಯನ್ನೂ ತಪ್ಪಿದೆವು. ಪರಿಚಯದವರೊಬ್ಬರ ಮಾತು ಕೇಳಿ, ಅಣ್ಣ ಒಂದು ಕಡೆ 12,000 ರೂಪಾಯಿ ಕೊಟ್ಟು ಬಣ್ಣದ ಕನ್ನಡಕ ಮಾಡಿಸಿ ತಂದ. ಕಣ್ಣಿನ ವ್ಯಾಯಾಮದ ಹಾಳೆಗಳನ್ನೂ ಕೊಟ್ಟಿದ್ದರು. ಬಣ್ಣದ ಗಾಜು, ಕಣ್ಣಿನ ವ್ಯಾಯಾಮ ಇವುಗಳಿಂದ ಓದು ಸುಧಾರಿಸುತ್ತದೆ ಎಂಬುದಕ್ಕೆ ಆಧಾರ ಇಲ್ಲ ಎಂದು ಅಮೆರಿಕದ ಮಕ್ಕಳ ವೈದ್ಯರ ಮತ್ತು ಕಣ್ಣಿನ ವೈದ್ಯರ ಸಂಘಗಳು ಒಟ್ಟಿಗೆ 2009ರಲ್ಲೇ ಹೇಳಿದ್ದವು. ನಮಗೆ ಅದು ತಡವಾಗಿ ಗೊತ್ತಾಯಿತು. ದುಡ್ಡಿಗಿಂತ ಹೆಚ್ಚಾಗಿ, ಕನ್ನಡಕ ಹಾಕಿಕೊಂಡ ದಿನ ಆ ಮಗು ಎಷ್ಟು ಆಸೆಯಿಂದ ಪುಸ್ತಕ ತೆರೆದ ಅನ್ನುವುದು ನನಗೆ ಮರೆಯುವುದಿಲ್ಲ.

ನನ್ನ ರಾಗಿ ಮೊರದ ಬಗ್ಗೆಯೂ ನಿಜ ಹೇಳಬೇಕು. ಆರ್ಟನ್ ಗಿಲ್ಲಿಂಗ್‌ಹ್ಯಾಮ್ ದಾರಿಯ ಮೇಲೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದ ಒಂದು ವಿಶ್ಲೇಷಣೆ 2021ರಲ್ಲಿ ಬಂತು. ಲಾಭ ಇದ್ದ ಹಾಗೆ ಕಂಡರೂ, ಖಚಿತವಾಗಿ ಹೇಳುವಷ್ಟು ಇರಲಿಲ್ಲ. ಅದನ್ನು ಓದಿ ನನಗೆ ಎರಡು ದಿನ ಬೇಸರವಾಯಿತು. ಆಮೇಲೆ ಯೋಚಿಸಿದೆ. ಅಕ್ಷರ ಸದ್ದುಗಳ ಸಂಬಂಧವನ್ನು ಬಿಡಿಸಿ, ಕ್ರಮವಾಗಿ, ನೇರವಾಗಿ ಕಲಿಸಿದರೆ ಓದು ಬರುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರವಿದೆ. ಅಮೆರಿಕದ ನ್ಯಾಷನಲ್ ರೀಡಿಂಗ್ ಪ್ಯಾನೆಲ್ 2000ದಲ್ಲೇ ಅದನ್ನು ಹೇಳಿತ್ತು. ಮರಳು, ರಾಗಿ, ಬೆರಳು ಇವು ಅದರ ಮೇಲೆ ಎಷ್ಟು ಸೇರಿಸುತ್ತವೆ ಎಂಬುದು ಮಾತ್ರ ಬೇರೆ ಪ್ರಶ್ನೆ. ನನ್ನ ಅನುಭವದಲ್ಲಿ ರಾಗಿ ಓದು ಕಲಿಸಲಿಲ್ಲ. ಓದು ಕಲಿಸಿದ್ದು ಕ್ರಮ. ರಾಗಿ ಅವನನ್ನು 25 ನಿಮಿಷ ಕೂರಿಸಿತು, ಹೆದರಿಕೆ ಬಿಡಿಸಿತು. ಅದೂ ನನಗೆ ಸಣ್ಣದಲ್ಲ. ಇದನ್ನು ಓದುತ್ತಿರುವ ಟೀಚರ್‌ಗಳು ಮೊರ ಕೊಂಡುಕೊಂಡು ಕ್ರಮವನ್ನು ಬಿಟ್ಟರೆ ಏನೂ ಆಗುವುದಿಲ್ಲ ಅಂತ ಹೇಳಲೇಬೇಕು ಅನ್ನಿಸಿತು.

ಒಬ್ಬಳು ಹುಡುಗಿ ಇದ್ದಳು. ನನ್ನ ಕೆಲಸದ ಮೂರನೆಯ ವರ್ಷ. ನಾಲ್ಕು ಸಾಲು ಓದು ಅಂದರೆ ನಿಂತು ಅಳುತ್ತಿದ್ದಳು. ರಂಗೋಲಿಯಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ, ಹದಿನೈದು ಚುಕ್ಕಿಯದನ್ನು ಒಂದೂ ತಪ್ಪದೆ ಹಾಕುತ್ತಿದ್ದಳು. ‘ರಂಗೋಲಿ ಬರುತ್ತೆ, ಅಕ್ಷರ ಬರಲ್ವಾ? ಸೋಮಾರಿತನ’ ಅಂತ ನಾನು ಇಡೀ ಕ್ಲಾಸಿನ ಮುಂದೆ ಅಂದಿದ್ದೇನೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟಳು. ಈಗ ಶನಿವಾರ ಸಂತೆಯಲ್ಲಿ ಸೊಪ್ಪು ಮಾರುತ್ತಾಳೆ. ನನ್ನನ್ನು ಕಂಡರೆ ಎದ್ದು ನಿಂತು ‘ಚೆನ್ನಾಗಿದೀರಾ ಮಿಸ್?’ ಅನ್ನುತ್ತಾಳೆ, ಕೊತ್ತಂಬರಿ ಕಟ್ಟು ಒಂದು ಜಾಸ್ತಿ ಹಾಕುತ್ತಾಳೆ. ಹೋದ ವರ್ಷ ಅವಳ ಹತ್ತಿರ ಕೂತು, ತಪ್ಪು ನಿನ್ನದಲ್ಲ, ನನಗೆ ಕಲಿಸಲು ಬಂದಿರಲಿಲ್ಲ ಅಂತ ಹೇಳಿದೆ. ಅವಳು ಸ್ವಲ್ಪ ಹೊತ್ತು ಸೊಪ್ಪಿಗೆ ನೀರು ಚಿಮುಕಿಸುತ್ತಾ ಇದ್ದಳು. ‘ನನ್ನ ಮಗಳೂ ಹಂಗೇ ಮಿಸ್’ ಅಂದಳು. ಆ ಮಗು ಈಗ ನನ್ನ ಎರಡನೇ ಕ್ಲಾಸಿನಲ್ಲಿದೆ. ಇದು ಮನೆತನದಲ್ಲಿ ಬರುವುದು ಸಾಮಾನ್ಯ. ಈ ಸಲ ನಾನು ‘ರ’ದಿಂದ ಶುರು ಮಾಡಿದ್ದೇನೆ, ಮೆಟ್ಟಿಲು ಬಿಡದೆ.

ಕಾನೂನಿನ ಮಾತು ಒಂದಿಷ್ಟು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯನ್ನೂ ಸೇರಿಸಿದ್ದಾರೆ. ಸರ್ಟಿಫಿಕೇಟ್ ಇದ್ದರೆ ಪರೀಕ್ಷೆಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚಿನ ಸಮಯ, ಬೇಕಾದರೆ ಬರೆದುಕೊಡುವವರು ಸಿಗುತ್ತಾರೆ. ಅಣ್ಣನಿಗೆ ಸರ್ಟಿಫಿಕೇಟ್ ಮಾಡಿಸಲು ಇಷ್ಟವಿರಲಿಲ್ಲ. ಮಗನ ಹೆಸರಿನ ಮುಂದೆ ಆ ಮಾತು ಬೇಡ ಅಂತ. ಅವನನ್ನು ಒಪ್ಪಿಸಲು ನನಗೆ ಒಂದು ವರ್ಷ ಹಿಡಿಯಿತು. ಒಪ್ಪಿದ್ದು ನನ್ನ ವಾದಕ್ಕಲ್ಲ. ಮಗನೇ ಒಂದು ದಿನ, ‘ಅಪ್ಪಾ, ನಂಗೆ ಉತ್ತರ ಎಲ್ಲ ಗೊತ್ತಿತ್ತು, ಟೈಮ್ ಆಗೋಯ್ತು’ ಅಂದ.

ಈಗ ಅವನು ಆರನೇ ಕ್ಲಾಸಿಗೆ ಬಂದಿದ್ದಾನೆ. ಓದುತ್ತಾನೆ. ಗೆಳೆಯರು ಎರಡು ಪುಟ ಮುಗಿಸುವಷ್ಟರಲ್ಲಿ ಇವನದು ಒಂದು ಪುಟ. ಬರೆಯುವಾಗ ಈಗಲೂ ದೀರ್ಘ ಬಿಟ್ಟುಹೋಗುತ್ತದೆ. ಸುಸ್ತಾದ ದಿನ ಸಾಲು ತಪ್ಪುತ್ತದೆ, ಕೆಳಗೆ ಒಂದು ಕಾರ್ಡು ಇಟ್ಟುಕೊಂಡು ಓದುತ್ತಾನೆ. ಇದು ವಾಸಿಯಾಗುವ ಜ್ವರ ಅಲ್ಲ. ಸಂಜೆ ಆರು ಗಂಟೆಯ ಕೂಟ ಈಗ ವಾರಕ್ಕೆ ಮೂರು ದಿನ.

ಹೋದ ವಾರ ಹೊಸ ಪುಸ್ತಕಗಳಿಗೆ ಬೈಂಡ್ ಹಾಕುತ್ತಿದ್ದೆವು. ಅವನು ವಿಜ್ಞಾನದ ಪುಸ್ತಕ ಕೈಯಲ್ಲಿ ಹಿಡಿದು ಹೊದಿಕೆಯ ಮೇಲಿನ ಹೆಸರಿನ ಮೇಲೆ ಬೆರಳಿಟ್ಟ. ಮೊದಲಾಗಿದ್ದರೆ ಚಿತ್ರ ನೋಡಿ ‘ಸೈನ್ಸ್’ ಅಂತ ಹೇಳಿ ಪಕ್ಕಕ್ಕೆ ಇಡುತ್ತಿದ್ದ. ‘ಅತ್ತೆ, ಇದು ಜ ತಾನೇ? ಕೆಳಗಿರೋದು ಞ. ಮತ್ತೆ ಎಲ್ಲರೂ ವಿಗ್ನಾನ ಅಂತಾರಲ್ಲ, ಇದರಲ್ಲಿ ಗ ಎಲ್ಲಿದೆ?’

ನಾನೂ ಬೆರಳಿಟ್ಟು ನೋಡಿದೆ. ಗ ಇಲ್ಲ. ‘ಇಲ್ಲ ಕಣೋ’ ಅಂದೆ. ‘ಬರೆಯೋದು ಹಿಂಗೆ, ನಮ್ಮ ಬಾಯಲ್ಲಿ ಬರೋದು ಹಂಗೆ. ಇದಕ್ಕೆ ಬೇರೆ ಕಾರ್ಡು ಮಾಡೋಣ.’

ಅವನು ಡಬ್ಬಿಯಿಂದ ಖಾಲಿ ಕಾರ್ಡೊಂದನ್ನು ತೆಗೆದುಕೊಂಡು, ಕೆಂಪು ಬಳಪ ಹುಡುಕಿ, ದೊಡ್ಡದಾಗಿ ‘ಜ್ಞ’ ಬರೆದ. ಹಿಂದುಗಡೆ ಯಾವ ಮಾತು ಬರೆಯಲಿ ಅಂತ ಕೇಳಿದ. ನೀನೇ ಹುಡುಕು ಅಂದೆ. ಪುಸ್ತಕ ತೆರೆದು ಮೊದಲ ಪಾಠದ ಸಾಲುಗಳ ಮೇಲೆ ಬೆರಳಾಡಿಸುತ್ತಾ ಹೊರಟ. ಅತ್ತಿಗೆ ಕಾಫಿ ಕುಡಿಯಲು ಕರೆದರು. ನಾನು ಎದ್ದು ಹೋದೆ, ಅವನು ಬರಲಿಲ್ಲ.